ಬೆಂಗಳೂರಿನ ಕಾಡಣಬೆ, ಮರದ ಬೇರು: ಪದೇ ಪದೇ ಕೇಳುವ ಪ್ರಶ್ನೆಗಳು

ಒಳ್ಳೆಯ ಮಳೆ ಸುರಿದು ಮೂರು ನಾಲ್ಕು ದಿನವಾದರೆ ಸಾಕು, ಲಾಲ್‌ಬಾಗ್‌ನ ಹುಲ್ಲಿನಲ್ಲಿ, ತುರಹಳ್ಳಿಯ ನೀಲಗಿರಿ ಬುಡದಲ್ಲಿ, ಬಡಾವಣೆಯ ಪಾರ್ಕಿನಲ್ಲಿ ಅಣಬೆ ಏಳುತ್ತವೆ. ಅದರ ಬೆನ್ನಿಗೇ ಪ್ರಶ್ನೆಗಳೂ ಬರುತ್ತವೆ. ವರ್ಷ ವರ್ಷವೂ ಕೇಳಿಬರುವಂಥವನ್ನು ಸುಲಭದಿಂದ ಕಷ್ಟದ ಕಡೆಗೆ ಜೋಡಿಸಿ ಇಲ್ಲಿ ಉತ್ತರಿಸಿದ್ದೇವೆ. ಇದನ್ನು ಓದಿದ ಧೈರ್ಯದ ಮೇಲೆ ಯಾರೂ ಕಾಡಣಬೆಯನ್ನು ಒಲೆಯ ಮೇಲಿಡಬೇಡಿ. ಗುರುತಿಸುವುದನ್ನು ಕಲಿಯಲಿಕ್ಕೆ ಬರೆದದ್ದು ಇದು.

## ಮೊದಲ ಪಾಠ

ಅಣಬೆ ಬೇರೆ, ನಾಯಿಕೊಡೆ ಬೇರೆ ಅಲ್ವಾ?

ಮಾತಿನ ರೂಢಿಯಲ್ಲಿ ತಿನ್ನುವುದು ಅಣಬೆ, ತಿನ್ನಬಾರದ್ದು ನಾಯಿಕೊಡೆ. ಇದು ಅಡುಗೆಮನೆಯ ವಿಂಗಡಣೆ. ಶಿಲೀಂಧ್ರಗಳಲ್ಲಿ ಇಂಥ ಎರಡು ಪಂಗಡ ಇಲ್ಲ. ಒಂದೇ ಕುಲದೊಳಗೆ ರುಚಿಯಾದದ್ದೂ ಇರುತ್ತದೆ, ಪ್ರಾಣ ತೆಗೆಯುವುದೂ ಇರುತ್ತದೆ. ಎರಡು ಹೆಸರಿರುವುದರಿಂದ ಎರಡನ್ನೂ ನೋಟದಲ್ಲೇ ಬೇರೆ ಮಾಡಬಹುದು ಅನ್ನಿಸಿಬಿಡುತ್ತದೆ. ಅಪಾಯ ಹುಟ್ಟುವುದು ಅಲ್ಲಿ.

ನಿನ್ನೆ ಇರಲೇ ಇಲ್ಲ, ಬೆಳಗಾಗೋದ್ರೊಳಗೆ ಎಲ್ಲಿಂದ ಬಂತು?

ಅದು ಮೊದಲಿನಿಂದಲೂ ಅಲ್ಲೇ ಇತ್ತು. ನಮಗೆ ಕಾಣುವ ಕೊಡೆ ಮಾವಿನ ಹಣ್ಣಿದ್ದಂತೆ, ಮರ ಮಣ್ಣಿನೊಳಗಿದೆ. ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ನೂಲುಗಳ ಜಾಲ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೆಳಗೆ ಹಬ್ಬಿರುತ್ತದೆ. ತೇವ ಮತ್ತು ತಂಪು ಎರಡೂ ಕೂಡಿದಾಗ ಗುಂಡುಸೂಜಿಯ ತಲೆಯಷ್ಟು ಗಾತ್ರದ ಮೊಗ್ಗು ಕಟ್ಟುತ್ತದೆ. ಆ ಮೊಗ್ಗಿನಲ್ಲಿ ಕೊಡೆ, ದಂಟು ಎಲ್ಲ ಆಗಲೇ ಸಿದ್ಧವಾಗಿರುತ್ತವೆ. ಮಳೆ ಬಿದ್ದ ಮೇಲೆ ಜೀವಕೋಶಗಳು ನೀರು ಕುಡಿದು ಹಿಗ್ಗುವ ಕೆಲಸವಷ್ಟೇ ಬಾಕಿ. ಅದಕ್ಕೇ ಒಂದೇ ರಾತ್ರಿಯಲ್ಲಿ ಅಂಗೈಯಗಲ ಆಗಿಬಿಡುತ್ತದೆ.

ಬೆಂಗಳೂರಿನಲ್ಲಿ ಏಪ್ರಿಲ್‌–ಮೇ ತಿಂಗಳ ಗುಡುಗುಮಳೆಗೆ ಮೊದಲ ಸುತ್ತು ಏಳುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನ ಮಳೆಗೆ ದೊಡ್ಡ ಸುತ್ತು ಬರುತ್ತದೆ.

ಬನ್ನೇರುಘಟ್ಟದ ಕಡೆ ಹೋದಾಗ ಕಿತ್ತು ತರಬಹುದಾ?

ಬೇಡ. ಅದು ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ಅನ್ವಯಿಸುತ್ತದೆ. ಮೀಸಲು ಅರಣ್ಯಗಳಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕಲಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಿಮ್ಮ ಮನೆಯ ಹಿತ್ತಲು, ಪರಿಚಯದವರ ತೋಟ, ಅಪ್ಪಣೆ ಕೊಟ್ಟ ಕಾಲೇಜಿನ ಆವರಣ ಇವಿಷ್ಟರಲ್ಲೇ ಒಂದು ಮಳೆಗಾಲಕ್ಕೆ ಸಾಕಾಗುವಷ್ಟು ಕೆಲಸವಿದೆ. ಉಳಿದ ಕಡೆ ಫೋಟೊ ತೆಗೆದು, ಟಿಪ್ಪಣಿ ಬರೆದುಕೊಂಡು ಬನ್ನಿ.

ಒಂದು ಅಣಬೆ ಕಣ್ಣಿಗೆ ಬಿತ್ತು. ಏನೇನು ನೋಡಬೇಕು, ಯಾವುದು ಮೊದಲು?

ಅಣಬೆಯನ್ನು ಮುಟ್ಟುವ ಮೊದಲು ತಲೆಯೆತ್ತಿ ಮರ ನೋಡಿ. ಸುತ್ತ ಹತ್ತು ಮೀಟರ್ ದೂರದೊಳಗೆ ಯಾವ ಯಾವ ಮರ ಇದೆ ಎಂದು ಬರೆದುಕೊಳ್ಳಿ. ಹೊಸಬರಲ್ಲಿ ಹೆಚ್ಚಿನವರು ಇದನ್ನೇ ಬಿಡುತ್ತಾರೆ, ಮನೆಗೆ ಬಂದ ಮೇಲೆ ಇದೇ ಬೇಕಾಗುತ್ತದೆ.

ಆಮೇಲೆ ಅದು ಯಾವುದರ ಮೇಲೆ ಎದ್ದಿದೆ ನೋಡಿ. ಬರಿ ಮಣ್ಣೋ, ಸತ್ತ ಕಟ್ಟಿಗೆಯೋ, ಜೀವಂತ ಕಾಂಡವೋ, ಸೆಗಣಿಯೋ, ಹುತ್ತವೋ? ಮಣ್ಣಿನ ಮೇಲೆ ಎಂದು ಕಂಡರೂ ಕೆಳಗೆ ಹೂತುಹೋದ ಮರದ ತುಂಡು ಇರಬಹುದು. ಬೆರಳಿನಿಂದ ಸ್ವಲ್ಪ ಕೆದಕಿ ನೋಡಿ.

ಕಿತ್ತುಕೊಳ್ಳಬೇಡಿ, ಅಗೆಯಿರಿ. ದಂಟಿನಿಂದ ಎರಡು ಬೆರಳು ದೂರದಲ್ಲಿ ಚಾಕು ಇಳಿಸಿ, ಸುತ್ತ ಕೊಯ್ದು, ಮಣ್ಣಿನ ಸಮೇತ ಎತ್ತಿ. ಎಳೆದು ಕಿತ್ತರೆ ಬುಡ ಮಣ್ಣಿನಲ್ಲೇ ಉಳಿಯುತ್ತದೆ. ಅತಿ ವಿಷದ ಅಮಾನಿಟಾ ಕುಲವನ್ನು ಹಿಡಿದುಕೊಡುವ ಬಟ್ಟಲಿನಂಥ ಚೀಲ ಇರುವುದು ಆ ಬುಡದಲ್ಲೇ.

ಕೈಯಲ್ಲಿ ಹಿಡಿದ ಮೇಲೆ ಕೊಡೆಯ ಅಗಲ ಅಳೆಯಿರಿ. ಅದರ ಮೇಲೆ ಒರೆಸಿದರೆ ಹೋಗುವ ಚಕ್ಕೆಗಳಿವೆಯೇ ನೋಡಿ. ಕೊಡೆಯಡಿ ಪದರಗಳಿವೆಯೋ, ಸ್ಪಂಜಿನಂಥ ಸಣ್ಣ ತೂತುಗಳೋ? ಪದರಗಳು ದಂಟಿಗೆ ಅಂಟಿವೆಯೋ, ಬಿಟ್ಟು ನಿಂತಿವೆಯೋ? ದಂಟಿಗೆ ಬಳೆ ಇದೆಯೇ? ಉದ್ದಕ್ಕೆ ಸೀಳಿ ಐದು ನಿಮಿಷ ಇಟ್ಟು ಬಣ್ಣ ತಿರುಗುತ್ತದೆಯೇ ಗಮನಿಸಿ. ಮುರಿದಾಗ ಹಾಲು ಒಸರಿದರೆ ಹೆಚ್ಚಾಗಿ ಲ್ಯಾಕ್ಟೇರಿಯಸ್ ಬಳಗ. ಹಾಲಿಲ್ಲದೆ, ನಾರೂ ಇಲ್ಲದೆ, ಬಳಪದಂತೆ ಪಟ್ಟನೆ ಮುರಿದರೆ ರಸ್ಸುಲಾ ಬಳಗವಿರಬಹುದು. ಕೊನೆಗೆ ಮೂಸಿ ನೋಡಿ.

ಫೋಟೊ ನಾಲ್ಕು ಸಾಕು: ಮೇಲಿನಿಂದ, ಕೊಡೆಯಡಿಯಿಂದ, ಬುಡ ಸೇರಿದಂತೆ ಪಕ್ಕದಿಂದ, ಸೀಳಿದ್ದು. ಮನೆಗೆ ಒಯ್ಯುವುದಾದರೆ ಹಳೆ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಎರಡು ಗಂಟೆಗೆಲ್ಲ ಕೊಳೆಯಲು ಶುರುವಾಗುತ್ತದೆ.

ಬೀಜಕದ ಅಚ್ಚು ತೆಗೆಯಲು ಇಟ್ಟಿದ್ದೆ, ಕಾಗದ ಖಾಲಿಯೇ ಉಳಿಯಿತು. ಏನು ತಪ್ಪಾಯ್ತು?

ಬೀಜಕ ಎಂದರೆ ಅಣಬೆ ಉದುರಿಸುವ, ಬೀಜದ ಕೆಲಸ ಮಾಡುವ ನುಣುಪು ಪುಡಿ. ಅದು ಕಾಗದದ ಮೇಲೆ ಬಿಡುವ ಬಣ್ಣದ ಗುರುತೇ ಅಚ್ಚು. ಪೂರ್ತಿ ಅರಳಿದ ಆದರೆ ಬಾಡದ ಕೊಡೆ ಆರಿಸಿ. ಮೊಗ್ಗು ಬೀಜಕ ಉದುರಿಸುವುದಿಲ್ಲ, ಮುದಿಯಾದದ್ದು ಉದುರಿಸಿ ಮುಗಿಸಿರುತ್ತದೆ. ಕಾಗದ ಖಾಲಿ ಉಳಿಯಲು ಹೆಚ್ಚಾಗಿ ಈ ಎರಡೇ ಕಾರಣ. ದಂಟನ್ನು ಕೊಡೆಯ ಮಟ್ಟಕ್ಕೆ ಕತ್ತರಿಸಿ, ಪದರ ಕೆಳಮುಖವಾಗಿ ಕಾಗದದ ಮೇಲಿಡಿ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದ ಜೋಡಿಸಿದರೆ ಒಳ್ಳೆಯದು, ಯಾಕೆಂದರೆ ಬಿಳಿ ಅಚ್ಚು ಬಿಳಿ ಹಾಳೆಯ ಮೇಲೆ ಕಾಣುವುದೇ ಇಲ್ಲ. ಎಷ್ಟೋ ಸಲ ‘ಖಾಲಿ’ ಕಾಗದವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಅಚ್ಚು ಅಲ್ಲೇ ಇರುತ್ತದೆ. ಕೊಡೆ ಒಣಗಿದ್ದರೆ ನೆತ್ತಿಯ ಮೇಲೆ ಒಂದು ಹನಿ ನೀರು ಬಿಡಿ. ಮೇಲೆ ಬೋಗುಣಿ ಬೋರಲು ಹಾಕಿ, ಫ್ಯಾನ್ ಆರಿಸಿ, 6ರಿಂದ 12 ಗಂಟೆ ಬಿಡಿ.

ಅಮಾನಿಟಾ, ಲೆಪಿಯೋಟಾ ಬಿಳಿ ಅಚ್ಚು ಕೊಡುತ್ತವೆ. ಹುತ್ತದಣಬೆ, ಭತ್ತದ ಹುಲ್ಲಿನ ಅಣಬೆಗಳದ್ದು ನಸುಗೆಂಪು. ಬಟನ್ ಅಣಬೆಯ ಕುಲದ್ದು ಚಾಕೊಲೇಟ್ ಕಂದು. ಜಿಮ್ನೋಪೈಲಸ್ ತುಕ್ಕಿನ ಬಣ್ಣ ಬಿಡುತ್ತದೆ. ತಿಪ್ಪೆಯ ಮೇಲಿನ ಕಾಪ್ರಿನಸ್ ಬಳಗದ್ದು ಕಪ್ಪು.

## ವಿಷದ ವಿಚಾರ

ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದು ಅಂತ ಅಜ್ಜಿ ಹೇಳ್ತಿದ್ರು. ನಿಜಾನಾ?

ಅಲ್ಲ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಮೊಟ್ಟೆ ತಾಗಿದರೂ ಕಪ್ಪಾಗುತ್ತದೆ. ಪ್ರಾಣ ತೆಗೆಯುವ ಅಮಾಟಾಕ್ಸಿನ್ ಎಂಬ ವಿಷ ಬೆಳ್ಳಿಯನ್ನು ಮುಟ್ಟುವುದೇ ಇಲ್ಲ. ಬೆಳ್ಳುಳ್ಳಿ, ಅಕ್ಕಿ, ಅರಿಸಿನದ ಬಣ್ಣ ನೋಡುವ ಪರೀಕ್ಷೆಗಳೂ ಹೀಗೆಯೇ. ಬಸವನಹುಳು ತಿಂದಿದೆ ಎಂದರೆ ಬಸವನಹುಳುವಿಗೆ ಏನೂ ಆಗಿಲ್ಲ ಎಂದಷ್ಟೇ ಅರ್ಥ. ಕುದಿಸಿ ನೀರು ಚೆಲ್ಲಿದರೂ, ಒಣಗಿಸಿದರೂ ಅಮಾಟಾಕ್ಸಿನ್ ನಾಶವಾಗುವುದಿಲ್ಲ.

ಅಜ್ಜಿಯಂದಿರು ಬದುಕಿದ್ದು ಚಮಚದಿಂದಲ್ಲ. ತಮ್ಮೂರಿನ ಒಂದೆರಡು ಅಣಬೆಗಳನ್ನು, ಅವು ಏಳುವ ಜಾಗ, ಏಳುವ ವಾರ ಸಮೇತ ಬಾಲ್ಯದಿಂದ ಬಲ್ಲವರಾಗಿದ್ದರು, ಉಳಿದುದನ್ನು ಮುಟ್ಟುತ್ತಿರಲಿಲ್ಲ. ಆ ತಿಳಿವಳಿಕೆ ತುಂಬ ದೊಡ್ಡದು. ಆದರೆ ಅದು ಆ ಊರಿನ ಮಣ್ಣಿಗೆ ಕಟ್ಟಿದ ತಿಳಿವಳಿಕೆ, ಬೆಂಗಳೂರಿನ ಪಾರ್ಕಿಗೆ ಹೊತ್ತು ತರಲಾಗದು.

ಪಾರ್ಕಿನ ಹುಲ್ಲಲ್ಲಿ ಊಟದ ತಟ್ಟೆಯಷ್ಟು ಅಗಲದ ಬಿಳಿ ಅಣಬೆ ಬಂದಿದೆ. ನೋಡೋಕೆ ಅಂಗಡಿಯದರ ಹಾಗೇ ಇದೆ…

ಅದು ಬಹುಮಟ್ಟಿಗೆ ಕ್ಲೋರೊಫಿಲಮ್ ಮಾಲಿಬ್ಡೈಟಿಸ್. ನಗರದ ಹುಲ್ಲುಹಾಸಿನಲ್ಲಿ ಇದರಷ್ಟು ಜನರನ್ನು ಮೋಸಗೊಳಿಸುವ ಅಣಬೆ ಇನ್ನೊಂದಿಲ್ಲ. ಬಿಳಿ ಕೊಡೆ, ನೆತ್ತಿಯಲ್ಲಿ ಕಂದು ಚಕ್ಕೆ, ದಂಟಿನಲ್ಲಿ ಮೇಲೆ ಕೆಳಗೆ ಜರುಗಿಸಬಹುದಾದ ಬಳೆ. ಎಳೆಯದರಲ್ಲಿ ಪದರಗಳು ಅಚ್ಚ ಬಿಳಿ. ಬಲಿತಂತೆ ಬೂದು ಮಿಶ್ರಿತ ಹಸಿರಿಗೆ ತಿರುಗುತ್ತವೆ. ಅಚ್ಚು ತೆಗೆದರೆ ಮಾಸಲು ಹಸಿರು. ಅಷ್ಟು ದೊಡ್ಡ ಅಣಬೆಗಳಲ್ಲಿ ಹಸಿರು ಅಚ್ಚು ಬೇರೆ ಯಾವುದಕ್ಕೂ ಇಲ್ಲವೆನ್ನುವಷ್ಟು ಅಪರೂಪ. ಹಸಿರು ಬರುವ ಮೊದಲೇ, ಎಳೆಯದನ್ನು ಕಿತ್ತು ಬೇಯಿಸಿದವರೇ ಹೆಚ್ಚಾಗಿ ಆಸ್ಪತ್ರೆ ಸೇರುತ್ತಾರೆ. ಒಂದರಿಂದ ಮೂರು ಗಂಟೆಯಲ್ಲಿ ಬಿಡದ ವಾಂತಿ, ಭೇದಿ ಶುರುವಾಗುತ್ತದೆ.

ಇದು ಹುಲ್ಲಿನ ಕಸ ತಿಂದು ಬದುಕುವ ಜೀವಿ. ಮರದ ಬೇರಿಗೂ ಇದಕ್ಕೂ ಸಂಬಂಧವಿಲ್ಲ. ಸಾಲಾಗಿ ಬಳೆಯಾಕಾರದಲ್ಲಿ ಎದ್ದಿದ್ದರೆ, ಒಳಗಿನ ನೂಲಿನ ಜಾಲ ನಡುವಿನಿಂದ ಹೊರಕ್ಕೆ ಹಬ್ಬುತ್ತಾ ಅಂಚಿನಲ್ಲಿ ಮಾತ್ರ ಕೊಡೆ ಬಿಟ್ಟಿದೆ ಎಂದು ಅರ್ಥ.

ಊರಲ್ಲಿ ಭತ್ತದ ಹುಲ್ಲಿನ ಅಣಬೆ ತಿಂದು ಬೆಳೆದವರು ನಾವು. ಇಲ್ಲೂ ಬುಡದಲ್ಲಿ ಬಟ್ಟಲಿರೋ ಅಣಬೆ ಸಿಕ್ಕಿದೆ, ಅದೇ ತಾನೇ?

ದಯವಿಟ್ಟು ನಿಲ್ಲಿ. ಬುಡದ ಬಟ್ಟಲು ಮುಖ್ಯವಾಗಿ ಎರಡು ಬಳಗಗಳಲ್ಲಿ ಇರುತ್ತದೆ: ಒಂದು ನಿಮ್ಮ ಹುಲ್ಲಿನ ಅಣಬೆ, ಅಂದರೆ ವಾಲ್ವೇರಿಯೆಲ್ಲಾ, ಇನ್ನೊಂದು ಅಮಾನಿಟಾ. ಬೇರೆ ದೇಶಗಳಿಗೆ ವಲಸೆ ಹೋದವರು ಇವೆರಡನ್ನು ಅದಲುಬದಲು ಮಾಡಿ ಸತ್ತ ಉದಾಹರಣೆಗಳಿವೆ.

ವ್ಯತ್ಯಾಸ ಹೀಗಿದೆ. ವಾಲ್ವೇರಿಯೆಲ್ಲಾಕ್ಕೆ ದಂಟಿನಲ್ಲಿ ಬಳೆ ಇಲ್ಲ, ಅಚ್ಚು ನಸುಗೆಂಪು, ಏಳುವುದು ಕೊಳೆತ ಹುಲ್ಲು ಅಥವಾ ತಿಪ್ಪೆಯ ಮೇಲೆ. ಅಮಾನಿಟಾದ ಅಚ್ಚು ಬಿಳಿ, ಬಹುಪಾಲು ಜಾತಿಗಳು ತಾವು ಬೇರಿನೊಂದಿಗೆ ಕೂಡಿ ಬಾಳುವ ಮರವಿರುವ ಮಣ್ಣಿನಲ್ಲಿ ಏಳುತ್ತವೆ, ಸಾಮಾನ್ಯವಾಗಿ ಬಳೆ ಇರುತ್ತದೆ. ಆದರೆ ಬಳೆ ಮಳೆಗೆ ಕಳಚಿ ಬೀಳಬಹುದು. ಇನ್ನು ಮೊಟ್ಟೆಯ ಹಂತದಲ್ಲಿ ಎರಡೂ ಒಂದೇ ತರಹದ ಬಿಳಿ ಉಂಡೆ. ಅಚ್ಚು ಬರುವ ವಯಸ್ಸೇ ಆಗಿರದಿದ್ದರೆ ಕಣ್ಣಳತೆಯಲ್ಲಿ ಬೇರೆ ಮಾಡುವ ಸಾಹಸಕ್ಕೆ ಹೋಗಬಾರದು.

ತಿಂದಾಗಿದೆ. ಈಗ ಏನು ಮಾಡಲಿ?

ಲಕ್ಷಣ ಬರಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ ಅಥವಾ ತುರ್ತುಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಳಿದ ಅಣಬೆ, ಹೆಚ್ಚಿ ಬಿಸಾಡಿದ ಬುಡ, ಪಾತ್ರೆಯಲ್ಲಿರುವ ಸಾರು ಎಲ್ಲವನ್ನೂ ಜೊತೆಗೆ ಒಯ್ಯಿರಿ. ತಿಂದ ಹೊತ್ತನ್ನು ಬರೆದಿಡಿ, ಅದೇ ಊಟ ಮಾಡಿದ ಎಲ್ಲರನ್ನೂ ಕರೆದೊಯ್ಯಿರಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ವೈದ್ಯರಿಗೂ ಜನರಿಗೂ ದಿನದ 24 ಗಂಟೆ ಸಲಹೆ ಕೊಡುತ್ತದೆ.

ತಿಂದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ವಾಂತಿಯಾದರೆ ಹೆಚ್ಚಾಗಿ ಹೊಟ್ಟೆ ಕೆರಳಿಸುವ ವಿಷ. ಆರು ಗಂಟೆ ದಾಟಿ, ಹನ್ನೆರಡು ಗಂಟೆಯ ಹೊತ್ತಿಗೆ ಶುರುವಾದರೆ ಅಮಾಟಾಕ್ಸಿನ್ ಇರಬಹುದೆಂದೇ ಹಿಡಿಯಬೇಕು. ಅದರಲ್ಲಿ ಎರಡನೆಯ ದಿನ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾರೆ, ಎದ್ದು ಕೂತು ಗಂಜಿ ಕೇಳುತ್ತಾರೆ. ಮನೆಯವರು ಗೆದ್ದೆವೆಂದು ಡಿಸ್ಚಾರ್ಜ್ ಮಾಡಿಸಿಕೊಂಡುಬಿಡುತ್ತಾರೆ. ಒಳಗೆ ಯಕೃತ್ತಿನ ಕೋಶಗಳು ಪ್ರೊಟೀನ್ ತಯಾರಿಸಲಾಗದೆ ಸಾಯುತ್ತಿರುತ್ತವೆ. ಮೂರು ನಾಲ್ಕನೆಯ ದಿನಕ್ಕೆ ಕಾಮಾಲೆ, ರಕ್ತಸ್ರಾವ. ಆ ಮಧ್ಯದ ಒಳ್ಳೆಯ ದಿನವನ್ನು ನಂಬಬೇಡಿ. ಬೇಗ ಕಾಣಿಸಿಕೊಂಡ ವಾಂತಿಯೂ ಪೂರ್ತಿ ಧೈರ್ಯ ಕೊಡುವುದಿಲ್ಲ, ಎರಡು ಬಗೆಯ ಅಣಬೆ ಒಂದೇ ಸಾರಿಗೆ ಬಿದ್ದಿರಬಹುದು.

## ಬೇರಿನ ನಂಟು

ಮೈಕೊರೈಜಾ ಅಂದ್ರೆ ಏನು? ಸುಲಭವಾಗಿ ಹೇಳಿ

ಬೇರು ಮತ್ತು ಶಿಲೀಂಧ್ರ ಕೂಡಿ ಬಾಳುವ ಏರ್ಪಾಡು. ಈ ಹೆಸರನ್ನು ಇಟ್ಟವರು ಜರ್ಮನಿಯ ಎ. ಬಿ. ಫ್ರಾಂಕ್, 1885ರಲ್ಲಿ.

ಬೆಂಗಳೂರಿನ ಕೆಂಪುಮಣ್ಣನ್ನೇ ತೆಗೆದುಕೊಳ್ಳಿ. ಅದರ ಕೆಂಪು ಕಬ್ಬಿಣದ್ದು. ಆ ಕಬ್ಬಿಣ ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ರಂಜಕ ನೀರಿನೊಂದಿಗೆ ಸುಲಭವಾಗಿ ಹರಿದು ಬರುವುದೂ ಇಲ್ಲ. ಹಾಗಾಗಿ ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿದ್ದ ರಂಜಕವನ್ನು ಬೇಗ ಖಾಲಿ ಮಾಡಿ, ಆಮೇಲೆ ಹಸಿದು ಕೂರುತ್ತದೆ. ಶಿಲೀಂಧ್ರದ ನೂಲು ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ತೆಳು. ಬೇರು ನುಗ್ಗಲಾಗದ ಸಂದಿಗೆ ಅದು ನುಗ್ಗಿ, ಹಲವು ಸೆಂಟಿಮೀಟರ್ ಆಚೆಯಿಂದ ರಂಜಕ, ಸತು ತಂದು ಕೊಡುತ್ತದೆ. ಬದಲಿಗೆ ಮರ ಎಲೆಯಲ್ಲಿ ಮಾಡಿದ ಸಕ್ಕರೆ ಮತ್ತು ಕೊಬ್ಬಿನಲ್ಲಿ ಒಂದು ಪಾಲು ಕೊಡುತ್ತದೆ. ಅದು ಮರದ ಗಳಿಕೆಯ ಶೇ. 20ರವರೆಗೂ ಹೋಗಬಹುದು. ಇಷ್ಟು ದುಬಾರಿ ಬಾಡಿಗೆ ಕೊಟ್ಟೂ ಮರ ಇದನ್ನು ಸಾಕುತ್ತದೆ ಎಂದರೆ ಅದರ ಅಗತ್ಯ ಎಷ್ಟೆಂದು ಲೆಕ್ಕ ಹಾಕಿ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಳೆಯ ಸಸ್ಯಗಳ ಪಳೆಯುಳಿಕೆಯಲ್ಲೂ ಈ ಒಪ್ಪಂದದ ಗುರುತಿದೆ. ಆಗಿನ್ನೂ ಗಿಡಗಳಿಗೆ ಸರಿಯಾದ ಬೇರೇ ಇರಲಿಲ್ಲ.

ನಮ್ಮ ಮನೆ ಮುಂದಿನ ಹೊಂಗೆ ಮರದ ಬುಡದಲ್ಲಿ ಅಣಬೆ ಬಂದಿದೆ. ಅದು ಮರದ ಸ್ನೇಹಿತ ಅಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ: ಅಲ್ಲ, ಹೆಚ್ಚುಕಡಿಮೆ ಖಂಡಿತ ಅಲ್ಲ.

ಬೇರಿನ ನಂಟಿನಲ್ಲಿ ಎರಡು ಮುಖ್ಯ ಬಗೆ. ಒಂದರಲ್ಲಿ ಶಿಲೀಂಧ್ರ ಬೇರಿನ ಜೀವಕೋಶದ ಗೋಡೆ ದಾಟಿ ಒಳಗೆ ಹೋಗಿ ಪುಟ್ಟ ಮರದಂತೆ ಕವಲೊಡೆಯುತ್ತದೆ. ಇದು ಆರ್ಬಸ್ಕುಲರ್ ಬಗೆ. ಹೊಂಗೆ, ಬೇವು, ಮಾವು, ಹಲಸು, ಹುಣಸೆ, ಆಲ, ಅರಳಿ, ಗುಲ್‌ಮೊಹರ್, ಮಳೆಮರ, ಜಕರಂಡಾ, ಟಬೂಬಿಯಾ, ಅಂದರೆ ಬೆಂಗಳೂರಿನ ರಸ್ತೆಯ ಬಹುತೇಕ ಎಲ್ಲ ಮರಗಳದ್ದೂ ಇದೇ. ಈ ಬಗೆಯ ಶಿಲೀಂಧ್ರ ಎಂದೂ ಕೊಡೆ ಬಿಡುವುದಿಲ್ಲ. ಅದರ ಬೀಜಕಗಳು ಮಣ್ಣಿನೊಳಗೇ, ಸಾಸಿವೆಗಿಂತ ಸಣ್ಣ ಗುಂಡುಗಳಾಗಿ ಇರುತ್ತವೆ. ಎರಡನೆಯ ಬಗೆ ಎಕ್ಟೊ. ಬೇರಿನ ತುದಿಗೆ ಹೊರಗಿನಿಂದ ಕವಚ ತೊಡಿಸಿ, ಕೋಶಗಳ ನಡುವೆ ಮಾತ್ರ ಬಲೆ ನೇಯುತ್ತದೆ. ಕೊಡೆ ಬಿಡುವ ಜೊತೆಗಾರರು ಹೆಚ್ಚಾಗಿ ಇರುವುದು ಈ ಗುಂಪಿನಲ್ಲಿ. ಪ್ರಪಂಚದ ಸಸ್ಯಜಾತಿಗಳಲ್ಲಿ ಸುಮಾರು ಶೇ. 2 ಮಾತ್ರ ಈ ನಂಟು ಬೆಳೆಸಿವೆ.

ಹಾಗಾದರೆ ನಿಮ್ಮ ಹೊಂಗೆಯ ಬುಡದಲ್ಲಿ ಇರುವುದೇನು? ಮಣ್ಣಿನಲ್ಲಿ ಗೊಂಚಲಾಗಿ ಎದ್ದ ಬೆರಳುದ್ದದ ಬೂದು ಕೊಡೆಗಳಾದರೆ ಹಳೆಯ ಬೇರನ್ನೋ ಎಲೆಗೊಬ್ಬರವನ್ನೋ ಕೊಳೆಸುತ್ತಿರುವಂಥವು, ಚಿಂತೆ ಬೇಡ. ಕಾಂಡಕ್ಕೇ ಅಂಟಿ, ಬೀಸಣಿಗೆಯಂತೆ ಚಾಚಿ, ವಾರ್ನಿಷ್ ಹಚ್ಚಿದ ಹಾಗೆ ಕೆಂಪು ಕಂದಾಗಿ ಹೊಳೆಯುತ್ತಿದ್ದರೆ ಗ್ಯಾನೊಡರ್ಮಾ. ಅದರ ಅಂಚು ಬಿಳಿ, ಅಡಿ ಕೆನೆಬಣ್ಣ. ಬೆರಳಿನಿಂದ ಅಡಿಯನ್ನು ಗೀರಿದರೆ ಕಂದು ಗೆರೆ ಮೂಡುತ್ತದೆ. ಸುತ್ತಲಿನ ಎಲೆ, ಕಲ್ಲುಗಳ ಮೇಲೆ ಕೋಕೊ ಪುಡಿ ಉದುರಿಸಿದಂತೆ ಬೀಜಕ ಕೂತಿರುತ್ತದೆ. ಇದು ಬೇರು ಮತ್ತು ಬುಡದ ಕಟ್ಟಿಗೆಯನ್ನು ತಿನ್ನುವ ರೋಗ. ಎಲೆ ಹಸಿರಾಗಿಯೇ ಇದ್ದು ಮರ ಒಂದು ಗಾಳಿಮಳೆಗೆ ಬುಡಸಮೇತ ಉರುಳಬಹುದು. ಹೊರಗಿನ ಕೊಡೆ ಕಿತ್ತೆಸೆದರೆ ಒಳಗಿನ ಕೊಳೆತ ನಿಲ್ಲುವುದಿಲ್ಲ, ಗುರುತು ಅಳಿಸಿದಂತಾಗುತ್ತದೆ ಅಷ್ಟೆ. ಫೋಟೊ ಸಮೇತ ಪಾಲಿಕೆಯ ಅರಣ್ಯ ವಿಭಾಗಕ್ಕೆ ತಿಳಿಸಿ, ಕಾಂಡ ಪರೀಕ್ಷೆ ಮಾಡಿಸಿ. ನೀವೇ ಕಡಿಸುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು.

ಹಾಗಿದ್ರೆ ಬೆಂಗಳೂರಿನಲ್ಲಿ ನಿಜವಾದ ಜೊತೆಗಾರ ಅಣಬೆ ಎಲ್ಲಿ ಸಿಗುತ್ತೆ?

ನೀಲಗಿರಿ, ಅಕೇಶಿಯಾ, ಸರ್ವೆ ಮರಗಳ ಕೆಳಗೆ ಹುಡುಕಿ. ನೀಲಗಿರಿಯನ್ನು ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ ನಂದಿಬೆಟ್ಟಕ್ಕೆ ತಂದರೆಂದು ದಾಖಲೆಗಳು ಹೇಳುತ್ತವೆ. ಅದರ ಬುಡದಲ್ಲಿ ಪಿಸೊಲಿಥಸ್ ಕಾಣಸಿಗುತ್ತದೆ. ದಾರಿಯ ಪಕ್ಕ ಒಣಗಿದ ಸೆಗಣಿ ಉಂಡೆ ಬಿದ್ದಿದೆ ಎಂದುಕೊಂಡು ದಾಟಿಹೋಗುತ್ತೀರಿ. ಕೆಳಗಿನಿಂದ ಸೀಳಿ ನೋಡಿ: ಬಟಾಣಿಕಾಳು ಒತ್ತೊತ್ತಾಗಿ ತುಂಬಿದ ಹಾಗೆ ಹಳದಿ, ಕಂದು ಗೂಡುಗಳು, ಮೇಲ್ಭಾಗದಲ್ಲಿ ಅವೇ ಗೂಡುಗಳು ಒಡೆದು ದಾಲ್ಚಿನ್ನಿ ಪುಡಿಯಂತಾಗಿರುತ್ತವೆ. ಬೆರಳಿಗೆ ಹತ್ತಿದ ಬಣ್ಣ ಸೋಪಿಗೂ ಬೇಗ ಬಿಡುವುದಿಲ್ಲ. ಪಕ್ಕದಲ್ಲೇ ಆಲೂಗಡ್ಡೆಯಂಥ ಸ್ಕ್ಲೆರೊಡರ್ಮಾ ಇರಬಹುದು. ಅದರ ಸಿಪ್ಪೆ ದಪ್ಪ, ಒಳಗು ಗಟ್ಟಿ, ಬಲಿತಂತೆ ನೇರಳೆಗಪ್ಪು. ಕರಾವಳಿಯವರು ಇದನ್ನು ತಮ್ಮ ಕಲ್ಲಣಬೆ ಎಂದು ತಪ್ಪು ತಿಳಿಯುವುದುಂಟು. ತಿಂದರೆ ಹೊಟ್ಟೆ ಕೆಡುತ್ತದೆ.

ನಮ್ಮದೇ ನೆಲದ ಜೊತೆಗಾರ ಮರ ಬೇಕೆಂದರೆ ಜಾಲಾರಿ ಇದೆ, ಬೆಂಗಳೂರು–ತುಮಕೂರು ಸುತ್ತಿನ ಒಣಕಾಡಿನದ್ದು. ಪಶ್ಚಿಮ ಘಟ್ಟದ ಧೂಪ, ಕಿರಾಲ್‌ಭೋಗಿಗಳ ಕುಟುಂಬಕ್ಕೇ ಸೇರಿದ್ದು. ಆ ಕುಟುಂಬಕ್ಕೆ ಎಕ್ಟೊ ನಂಟು ಹುಟ್ಟುಗುಣ. ಘಟ್ಟದ ಕಾಡಿನಲ್ಲಿ ರಸ್ಸುಲಾ, ಅಮಾನಿಟಾಗಳು ಇವುಗಳ ಕೆಳಗೆ ಏಳುತ್ತವೆ. ಎಲ್ಲ ಮರಗಳಿಗೂ ಜೊತೆಗಾರ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ: ನಗರದಲ್ಲಿ ಎಲ್ಲೆಲ್ಲೂ ಇರುವ ಸಿಲ್ವರ್ ಓಕ್ ಶಿಲೀಂಧ್ರವನ್ನು ನೆಚ್ಚದೆ, ಬಾಟಲಿ ತೊಳೆಯುವ ಬ್ರಷ್ಷಿನಂಥ ಬೇರಿನ ಗೊಂಚಲು ಬಿಟ್ಟು, ಆಮ್ಲ ಒಸರಿಸಿ ರಂಜಕ ಕರಗಿಸಿಕೊಳ್ಳುತ್ತದೆ.

ಹುತ್ತದಣಬೆಗೂ ಮರಕ್ಕೂ ಏನು ಸಂಬಂಧ?

ಏನೂ ಇಲ್ಲ. ಅದರ ನಂಟು ಗೆದ್ದಲಿನ ಜೊತೆ. ಗೆದ್ದಲು ಅರೆಜೀರ್ಣವಾದ ಕಟ್ಟಿಗೆಯಿಂದ ನೆಲದಡಿ ಸ್ಪಂಜಿನಂಥ ತೋಟ ಕಟ್ಟಿ, ಅದರಲ್ಲಿ ಟರ್ಮಿಟೊಮೈಸಿಸ್ ಶಿಲೀಂಧ್ರ ಬೆಳೆದು ತಿನ್ನುತ್ತದೆ. ಮಳೆಗೆ ಆ ತೋಟದಿಂದಲೇ ಕೊಡೆ ಮೇಲಕ್ಕೆ ಬರುತ್ತದೆ. ಗುರುತು: ನೆಲ ತೂರಿ ಬರಲು ನೆತ್ತಿಯಲ್ಲಿ ಚೂಪಾದ ಗುಬಟು, ದಂಟಿನ ಕೆಳಗೆ ಮೊಳದಷ್ಟು ಉದ್ದಕ್ಕೂ ಇಳಿಯಬಹುದಾದ ಬೇರಿನಂಥ ಬಾಲ, ನಸುಗೆಂಪು ಅಚ್ಚು. ಉದ್ದ ಬಾಲ ಕಂಡಕೂಡಲೇ ನಿರ್ಧರಿಸಬೇಡಿ. ಹೂತ ಕಟ್ಟಿಗೆಯ ಮೇಲೆ ಬೆಳೆಯುವ ಹೈಮೆನೊಪೆಲ್ಲಿಸ್‌ಗೂ ಬಾಲವಿದೆ, ಅದರ ಅಚ್ಚು ಬಿಳಿ.

ಇದನ್ನು ಮನೆಯಲ್ಲಿ ಬೆಳೆಯಲಾಗದಿರಲು ಕಾರಣವೂ ಇದೇ: ಗೆದ್ದಲಿನ ಆರೈಕೆ ಬೇಕು. ಎಕ್ಟೊ ಅಣಬೆಗೆ ಜೀವಂತ ಮರ ಬೇಕು. ಸತ್ತ ಹುಲ್ಲು ತಿನ್ನುವ ಚಿಪ್ಪಣಬೆಗೆ ಈ ಹಂಗಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅದರ ಬೀಜ, ತರಬೇತಿ ಎರಡೂ ಸಿಗುತ್ತವೆ.

ಶ್ರೀಗಂಧ ಪಕ್ಕದ ಮರದ ಬೇರು ಹಿಡಿಯೋದೂ ಮೈಕೊರೈಜಾನೇನಾ?

ಅಲ್ಲ, ಅದು ಅರೆಪರಾವಲಂಬಿತನ. ಗಂಧದ ಬೇರು ಹೀರುಗುಬಟು ಮಾಡಿಕೊಂಡು ನೆರೆಯ ಗಿಡದ ಬೇರಿಗೆ ನೇರ ಕಚ್ಚಿಕೊಂಡು ನೀರು, ಲವಣ ಎಳೆಯುತ್ತದೆ.

## ಮುಂದೆ ಹೋಗಬಯಸುವವರಿಗೆ

ಸಸಿ ನೆಡುವಾಗ ಅಂಗಡಿಯ ಮೈಕೊರೈಜಾ ಪುಡಿ ಹಾಕಿದರೆ ಉಪಯೋಗ ಇದೆಯಾ?

ಕಟ್ಟಡ ಕೆಡವಿದ ಜಾಗ, ಮೇಲ್ಮಣ್ಣು ಹೋದ ನೆಲ, ಕೊಕೊಪೀಟ್ ತುಂಬಿದ ನರ್ಸರಿ ಚೀಲ ಇಂಥ ಕಡೆ ಇದೆ. ಹಳೆಯ ತೋಟದ ಜೀವಂತ ಮಣ್ಣಿನಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದು, ಅಲ್ಲಿ ಜೊತೆಗಾರರು ಆಗಲೇ ಇದ್ದಾರೆ. ಆರ್ಬಸ್ಕುಲರ್ ಬಗೆಯ ಬಗ್ಗೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಮತ್ತು ಅವರ ಶಿಷ್ಯರು ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ನಮ್ಮ ರೈತರು ‘ವ್ಯಾಮ್’ ಎಂದು ಕರೆಯುವುದು ಇದನ್ನೇ.

ಪುಡಿ ಬೇರಿಗೆ ತಾಗಬೇಕು. ಮೇಲೆ ಉದುರಿಸಿದರೆ ದಂಡ. ಚೀಲದಲ್ಲಿ ಬಿತ್ತುವಾಗ ಬೀಜದ ಎರಡು ಮೂರು ಸೆಂಟಿಮೀಟರ್ ಕೆಳಗೆ ಒಂದು ಟೀ ಚಮಚ ಹಾಕಿ, ಸಸಿ ನೆಡುವಾಗ ಬೇರಿನುಂಡೆಗೆ ಸವರಿ. ಜೊತೆಗೆ ಸೂಪರ್ ಫಾಸ್ಫೇಟ್ ಧಾರಾಳವಾಗಿ ಸುರಿಯಬೇಡಿ. ರಂಜಕ ಸುಲಭವಾಗಿ ಸಿಕ್ಕರೆ ಗಿಡ ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕವನ್ನು ಮಣ್ಣಿಗೆ ಸುರಿದರೆ ಹಾಕಿದ ಶಿಲೀಂಧ್ರಕ್ಕೂ ಪೆಟ್ಟು ಬೀಳುತ್ತದೆ. ಎಲೆಕೋಸು, ಸಾಸಿವೆ, ದಂಟಿನ ಸೊಪ್ಪಿಗೆ ಈ ಪುಡಿ ಕೊಳ್ಳುವುದು ವ್ಯರ್ಥ ಖರ್ಚು, ಆ ಕುಟುಂಬಗಳು ಈ ನಂಟನ್ನೇ ಬೆಳೆಸುವುದಿಲ್ಲ.

ದೊಡ್ಡ ಮರಕ್ಕೆ ಪುಡಿಗಿಂತ ಮುಖ್ಯವಾದದ್ದು ಬುಡದ ಮಣ್ಣು. ಕಾಂಕ್ರೀಟನ್ನು ಕಾಂಡದವರೆಗೂ ತರಬೇಡಿ. ಉದುರಿದ ಎಲೆ ಗುಡಿಸಿ ಸುಡದೆ ಅಲ್ಲೇ ಬಿಡಿ. ಬುಡದಲ್ಲಿ ಬೈಕು ನಿಲ್ಲಿಸಿ ಮಣ್ಣು ಗಟ್ಟಿಸಬೇಡಿ.

ಮರಗಳು ಅಣಬೆಯ ಜಾಲದ ಮೂಲಕ ಮಾತಾಡ್ತವೆ, ತಾಯಿಮರ ಮಕ್ಕಳಿಗೆ ಊಟ ಕಳಿಸುತ್ತೆ ಅಂತಾರೆ. ಎಷ್ಟು ನಿಜ?

1997ರಲ್ಲಿ ಸುಜಾನ್ ಸಿಮಾರ್ಡ್ ಮತ್ತು ಸಂಗಡಿಗರು ಕೆನಡಾದ ಕಾಡಿನಲ್ಲಿ ಗುರುತು ಹಾಕಿದ ಇಂಗಾಲವನ್ನು ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳಿಗೆ ಉಣಿಸಿ, ಅದು ಒಂದರಿಂದ ಇನ್ನೊಂದಕ್ಕೆ ದಾಟಿದ್ದನ್ನು ತೋರಿಸಿದರು. ಇಂಗಾಲ ದಾಟುತ್ತದೆ ಎಂಬುದು ಗಟ್ಟಿ. ಆದರೆ ಅದರಲ್ಲಿ ಎಷ್ಟು ನೂಲಿನೊಳಗಿಂದಲೇ ಹೋಯಿತು, ಎಷ್ಟು ಮಣ್ಣಿನ ದಾರಿಯಿಂದ ಎಂದು ಕಾಡಿನಲ್ಲಿ ಬೇರ್ಪಡಿಸುವುದು ಬಹಳ ಕಷ್ಟ. 2023ರಲ್ಲಿ ಕಾರ್ಸ್ಟ್, ಜೋನ್ಸ್, ಹೂಕ್ಸೆಮಾ ಎಂಬ ಮೂವರು ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಜರಡಿ ಹಿಡಿದು, ತಾಯಿಮರ ತನ್ನ ಮಕ್ಕಳನ್ನು ಆರಿಸಿ ಪೋಷಿಸುತ್ತದೆ ಎಂಬುದಕ್ಕೆ ಕಾಡಿನಿಂದ ಸಾಕಷ್ಟು ಪುರಾವೆ ಇಲ್ಲ ಎಂದು ಬರೆದರು. ಒಂದನ್ನು ನೆನಪಿಡಿ: ಎಕ್ಟೊ ಶಿಲೀಂಧ್ರ ಆರ್ಬಸ್ಕುಲರ್ ಮರದೊಂದಿಗೆ ಈ ನಂಟು ಬೆಳೆಸುವುದಿಲ್ಲ. ಹಾಗಾಗಿ ನೀಲಗಿರಿಯ ಪಿಸೊಲಿಥಸ್ ಪಕ್ಕದ ಹೊಂಗೆಗೆ ಏನನ್ನೂ ಒಯ್ದು ಕೊಡುತ್ತಿಲ್ಲ.

ಮೊಬೈಲ್ ಆ್ಯಪ್ ಹೆಸರು ಹೇಳಿಬಿಡುತ್ತಲ್ಲ, ಸಾಲದಾ?

ಕುಲದ ಅಂದಾಜಿಗೆ ಸಾಕು, ತಿನ್ನುವ ನಿರ್ಧಾರಕ್ಕೆ ಎಂದಿಗೂ ಸಾಲದು. ಆ್ಯಪ್ ಬುಡ ಅಗೆಯುವುದಿಲ್ಲ, ಅಚ್ಚು ತೆಗೆಯುವುದಿಲ್ಲ, ಮೂಸುವುದಿಲ್ಲ. ಯೂರೋಪು, ಅಮೆರಿಕದ ಫೋಟೊ ನೋಡಿ ಕ‌ಲಿತದ್ದಾದರೆ ನಮ್ಮ ಜಾತಿಗೂ ಅಲ್ಲಿನ ಹೆಸರೇ ಹಚ್ಚುತ್ತದೆ. ಜಾತಿಯ ಮಟ್ಟಕ್ಕೆ ಹೋಗಲು ಸೂಕ್ಷ್ಮದರ್ಶಕದಲ್ಲಿ ಬೀಜಕ ಅಳೆಯಬೇಕು, ಜೊತೆಗೆ ಡಿಎನ್‌ಎಯ ಐಟಿಎಸ್ ಎಂಬ ಭಾಗ ಓದಿಸಬೇಕು. 2012ರಿಂದ ಶಿಲೀಂಧ್ರಗಳಿಗೆ ಅದೇ ಅಧಿಕೃತ ಬಾರ್‌ಕೋಡ್. ಅದಕ್ಕಾಗಿ ಮಾದರಿಯನ್ನು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚನೆ ಗಾಳಿಯಲ್ಲಿ ಹಪ್ಪಳದಂತೆ ಮುರಿಯುವವರೆಗೆ ಒಣಗಿಸಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ.

ಬೇರಿನ ಆ ಜೊತೆಗಾರನನ್ನು ಕಣ್ಣಾರೆ ನೋಡೋಕೆ ಆಗುತ್ತಾ?

ಆಗುತ್ತದೆ. ಎಕ್ಟೊ ನೋಡಲು ನೀಲಗಿರಿಯ ಕೆಳಗೆ ತರಗೆಲೆ ಸರಿಸಿ, ಮೇಲಿನ ಐದು ಸೆಂಟಿಮೀಟರ್ ಮಣ್ಣಿನಿಂದ ಕೂದಲಂಥ ಬೇರು ತೆಗೆದು, ಬಿಳಿ ತಟ್ಟೆಯ ನೀರಿನಲ್ಲಿ ಅಲ್ಲಾಡಿಸಿ. 10 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ನೋಡಿದರೆ ಕೆಲವು ತುದಿಗಳು ಮೊಂಡಾಗಿ, ಊದಿಕೊಂಡು, ಬಿಳಿ ಅಥವಾ ಹೊನ್ನಿನ ಬಣ್ಣದ ಕಾಲುಚೀಲ ತೊಟ್ಟಂತಿರುತ್ತವೆ. ಅಲ್ಲಿ ಬೇರುಗೂದಲು ಇರುವುದಿಲ್ಲ.

ಆರ್ಬಸ್ಕುಲರ್‌ಗೆ ಬಣ್ಣ ಹಾಕಬೇಕು, ಸೂಕ್ಷ್ಮದರ್ಶಕ ಬೇಕು. ಈರುಳ್ಳಿ ಅಥವಾ ಚೆಂಡುಹೂವಿನ ಗಿಡದ ಎಳೆ ಬೇರು ಒಳ್ಳೆಯದು. ಹೋಲಿಕೆಗೆ ಸಾಸಿವೆಯ ಬೇರನ್ನೂ ಇಟ್ಟುಕೊಳ್ಳಿ. ತೊಳೆದು 1 ಸೆಂಟಿಮೀಟರ್ ತುಂಡು ಮಾಡಿ, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ 5ರಿಂದ 10 ನಿಮಿಷ ಕಾಯಿಸಿ. ಇದು ಚರ್ಮ, ಕಣ್ಣು ಸುಡುವ ಕ್ಷಾರ. ಕೈಗವಸು, ಕನ್ನಡಕ ಹಾಕಿಕೊಂಡು, ಲ್ಯಾಬಿನಲ್ಲಿ ಮಾತ್ರ ಮಾಡಿ. ಬೇರು ಗಾಜಿನಂತಾದ ಮೇಲೆ ನಾಲ್ಕಾರು ಸಲ ನೀರಿನಲ್ಲಿ ಜಾಲಿಸಿ. ಸರಿಯಾಗಿ ಜಾಲಿಸದಿದ್ದರೆ ಉಳಿದ ಕ್ಷಾರಕ್ಕೆ ಬಣ್ಣ ಹಿಡಿಯುವುದಿಲ್ಲ. ಬಳಿಕ 95 ಮಿಲಿ ಬಿಳಿ ವಿನೆಗರ್‌ಗೆ 5 ಮಿಲಿ ಕಪ್ಪು ಫೌಂಟನ್ ಪೆನ್ ಇಂಕು ಬೆರೆಸಿ, ಅದರಲ್ಲಿ ಬೇರನ್ನು ಮೂರು ನಿಮಿಷ ಕುದಿಸಿ. ಕೊನೆಗೆ ಒಂದೆರಡು ಹನಿ ವಿನೆಗರ್ ಹಾಕಿದ ನೀರಿನಲ್ಲಿ 20 ನಿಮಿಷ ಇಟ್ಟರೆ ಬೇರಿನ ಬಣ್ಣ ಇಳಿದು ಶಿಲೀಂಧ್ರದ್ದು ಮಾತ್ರ ಉಳಿಯುತ್ತದೆ.

ಗಾಜಿನ ಪಟ್ಟಿಯ ಮೇಲೆ ಒತ್ತಿ 100 ಪಟ್ಟಿನಲ್ಲಿ ನೋಡಿ. ಉದ್ದಕ್ಕೆ ಹರಿದ ನೂಲುಗಳು, ಅಲ್ಲಲ್ಲಿ ಎಣ್ಣೆ ತುಂಬಿದ ಮೊಟ್ಟೆಯಾಕಾರದ ಚೀಲಗಳು ಮೊದಲು ಕಾಣುತ್ತವೆ. 400 ಪಟ್ಟಿಗೆ ಏರಿಸಿ ಒಂದೊಂದೇ ಕೋಶದೊಳಗೆ ಹುಡುಕಿದರೆ ಹೂಕೋಸಿನಂತೆ ಕವಲೊಡೆದ ಪೊದೆ ಸಿಗುತ್ತದೆ. ಮಣ್ಣಿನ ರಂಜಕ ಗಿಡಕ್ಕೂ, ಎಲೆಯ ಸಕ್ಕರೆ ಶಿಲೀಂಧ್ರಕ್ಕೂ ಕೈ ಬದಲಾಗುವ ಜಾಗ ಅದು. ಒಂದು ಪೊದೆಯ ಆಯುಸ್ಸು ಕೆಲವೇ ದಿನ, ಆದ್ದರಿಂದ ಬೆಳಿಗ್ಗೆ ಕಿತ್ತ ಬೇರನ್ನು ಅದೇ ದಿನ ಬಣ್ಣಕ್ಕೆ ಹಾಕಿ. ಆಗದಿದ್ದರೆ ಶೇ. 50ರ ಆಲ್ಕೋಹಾಲಿನಲ್ಲಿ ಮುಳುಗಿಸಿಡಿ. ಈರುಳ್ಳಿ ಅಥವಾ ಚೆಂಡುಹೂವಿನ ಬೇರಿನಲ್ಲಿ ಇದೆಲ್ಲ ಕಂಡು, ಸಾಸಿವೆಯ ಬೇರಿನಲ್ಲಿ ಇದಾವುದೂ ಕಾಣಿಸದಿದ್ದರೆ ನಿಮ್ಮ ಬಣ್ಣ ಹಾಕುವಿಕೆ ಸರಿಯಾಗಿದೆ.